ಜೇಮ್ಸ್ ನೇಸ್ಮಿತನ ವಿಶ್ರಾಂತಿಕಾಲ

ದ್ರವ್ಯಾರ್ಜನೆಗೆ ಶಕ್ತಿಯೂ ಅವಕಾಶವೂ ಪೂರ್ಣವಾಗಿರುವಾಗಲೇ ಅದನ್ನು ಸಾಕೆಂದು ನಿಲ್ಲಿಸಿದ ಉದ್ಯಮಿಗಳು ಯಾವ ದೇಶದ ಚರಿತ್ರೆಯಲ್ಲಿಯೂ ವಿರಳರೇ ಸರಿ. ಅಂಥವರಲ್ಲಿ ಸ್ಕಾಟ್ಲೆಂಡಿನ ಯಂತ್ರಶಿಲ್ಪಿಯಾದ ಜೇಮ್ಸ್ ನೇಸ್ಮಿತನು ಒಬ್ಬನು. 1856ನೆಯ ಡಿಸೆಂಬರ್ 31ರಂದು ಮ್ಯಾಂಚೆಸ್ಟರಿನ ಸಮೀಪದ ತನ್ನ ಯಂತ್ರಶಾಲೆಯಿಂದ ಆತನು ನಿವೃತ್ತನಾದಾಗ ಆತನ ವಯಸ್ಸು 48. ಕಾರ್ಖಾನೆಯು ಲಾಭದಲ್ಲಿ ನಡೆಯುತ್ತಿದ್ದಿತು. ಆತನ ಹೆಸರು ಯೂರೋಪಿನ ಕಬ್ಬಿಣದ ಕುಲುಮೆಗಳಲ್ಲಿಯೂ ಹಡಗುಕಟ್ಟೆಗಳಲ್ಲಿಯೂ ಹಬ್ಬಿದ್ದಿತು. ಅದರಿಂದ ಮುಂದೆ ಆತನು 33 ವರ್ಷಗಳಿಗೂ ಮಿಕ್ಕಿ ಬದುಕಿದನು. ಆತನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಉಗಿಯ ಚಮ್ಮಟಿಗೆಯ ವಿಷಯವನ್ನು ವಿಸ್ತರಿಸಿ ಈ ಸುದೀರ್ಘ ಕಾಲವನ್ನು ನಾಲ್ಕು ಮಾತುಗಳಲ್ಲಿ ಮುಗಿಸಿಬಿಡುವರು. ಆದರೆ ಆತನಿಗೆ ತಂದೆಯ ಮನೆಯಲ್ಲಿ ದೊರೆತ ವಿದ್ಯೆಯು ಕಾರ್ಖಾನೆಯಲ್ಲಿ ಅರ್ಧ ಫಲಿಸಿತು. ಉಳಿದರ್ಧವು ಫಲಿಸಿದುದು ಈ ವಿಶ್ರಾಂತಿಕಾಲದಲ್ಲಿ.

ನೇಸ್ಮಿತ್ ಎಂಬ ಮನೆತನದ ಹೆಸರಿಗೆ ಒಂದು ಐತಿಹ್ಯವುಂಟು. ಸ್ಕಾಟ್ಲೆಂಡಿನ ಅರಸನ ಪಕ್ಷದಲ್ಲಿ ಕಾದಾಡುತ್ತಿದ್ದ ಪೂರ್ವಿಕನೊಬ್ಬನು ಶತ್ರುಗಳಿಗೆ ಹೆದರಿ ಕಮ್ಮಾರಸಾಲೆಯೊಂದನ್ನು ಹೊಕ್ಕು, ಕಮ್ಮಾರನ ವೇಷದಿಂದ ಸುತ್ತಿಗೆಯನ್ನು ಎತ್ತಿ ಹೊಡೆದನಂತೆ. ಅಭ್ಯಾಸವಿಲ್ಲದ ಕೈಯಾದುದರಿಂದ ಸುತ್ತಿಗೆಯ ಕಾವು ಮುರಿಯಿತು. ನೋಡುತ್ತಿದ್ದ ಶತ್ರುವು 'ನೀನು ಕಮ್ಮಾರನಲ್ಲ' ಎಂದು ಕೂಗಿದನು. ಆ ಸೀಮೆಯ ಭಾಷೆಯಲ್ಲಿ ಈ ಮಾತೇ 'ನೇ ಸ್ಮಿತ್' ಎಂದಾಯಿತಂತೆ. ಐತಿಹ್ಯವು ನಿಜವೋ ಕಟ್ಟುಕಥೆಯೋ, ಮನೆತನದ ಲಾಂಛನದಲ್ಲಿ ಮುರಿದ ಸುತ್ತಿಗೆಗಳು ಇದ್ದುದಂತೂ ನಿಜ. ಲೋಕದಲ್ಲಿ ಎಲ್ಲಕ್ಕಿಂತ ದೊಡ್ಡ ಸುತ್ತಿಗೆಯನ್ನು ನಿರ್ಮಿಸುವವನು ಇದೇ ವಂಶದಲ್ಲಿ ಹುಟ್ಟಬೇಕಾಗಿದ್ದಿತು!

ಜೇಮ್ಸನು ಹುಟ್ಟಿದುದು ಕ್ರಿ. ಶ. 1808ನೆಯ ಆಗಸ್ಟ್ 19ರಂದು, ಎಡಿನ್‌ಬರೋ ನಗರದ ಯಾರ್ಕ್ ಪ್ಲೇಸ್ ಎಂಬ ಬೀದಿಯಲ್ಲಿ. ತಂದೆ ಅಲೆಕ್ಸಾಂಡರ್ ನೇಸ್ಮಿತನು ಪ್ರಸಿದ್ಧನಾದ ಚಿತ್ರಕಾರನು. ಕವಿ ರಾಬರ್ಟ್ ಬರ್ನ್ಸನ ಮುಖವು ಇಂದಿಗೂ ಲೋಕಕ್ಕೆ ಪರಿಚಿತವಾಗಿರುವುದು 1787ರಲ್ಲಿ ಅಲೆಕ್ಸಾಂಡರನು ಬರೆದ ಚಿತ್ರದಿಂದ. ರಾಜಕೀಯದಲ್ಲಿ ಸ್ವತಂತ್ರ ಅಭಿಪ್ರಾಯಗಳನ್ನು ಬಿಚ್ಚಿ ಹೇಳಿದುದರಿಂದ ಪ್ರಭುಗಳ ಮನೆಗಳಲ್ಲಿ ಮುಖಚಿತ್ರ ಬರೆಯುವ ಸಂಪಾದನೆಯು ಆತನಿಗೆ ತಪ್ಪಿಹೋಯಿತು. ಆಗ ಆತನು ಬೆಟ್ಟ, ಹೊಳೆ, ಮರಗಳ ಚಿತ್ರಣಕ್ಕೆ ತಿರುಗಿದನು. ಮನೆಯಲ್ಲಿ ಮಕ್ಕಳೆಲ್ಲರ ಕೈಯಲ್ಲಿಯೂ ಕುಂಚವಿದ್ದಿತು. ಹಿರಿಯ ಮಗ ಪ್ಯಾಟ್ರಿಕನು ಹೆಸರಾಂತ ಚಿತ್ರಕಾರನಾದನು. ಜೇನ್, ಬಾರ್ಬರಾ, ಮಾರ್ಗರೆಟ್, ಎಲಿಜಬೆತ್, ಆನ್, ಷಾರ್ಲಟ್ ಎಂಬ ಆರು ಮಂದಿ ಹೆಣ್ಣುಮಕ್ಕಳೂ ಚಿತ್ರ ಬರೆಯುತ್ತಿದ್ದರು. ಮನೆಯಲ್ಲಿಯೇ ಚಿತ್ರಶಾಲೆಯನ್ನು ನಡೆಸಿ, ಪಾಠ ಹೇಳಿ, ತಮ್ಮ ಅನ್ನವನ್ನು ತಾವೇ ಸಂಪಾದಿಸುತ್ತಿದ್ದರು. ಆ ಕಾಲದಲ್ಲಿ ಇದು ಸಾಮಾನ್ಯವಾದ ಸಂಗತಿಯಾಗಿರಲಿಲ್ಲ. ಈ ಅಕ್ಕಂದಿರ ಹೆಸರುಗಳನ್ನು ಯಂತ್ರಚರಿತ್ರೆಗಳು ಎತ್ತುವುದೇ ಇಲ್ಲ.

ಅಲೆಕ್ಸಾಂಡರನಿಗೆ ಚಿತ್ರಕಲೆಯೊಡನೆ ಯಂತ್ರಗಳ ಹುಚ್ಚೂ ಇದ್ದಿತು. ಮನೆಯಲ್ಲಿ ಒಂದು ಸಣ್ಣ ಕಾರ್ಯಾಗಾರವನ್ನು ಇಟ್ಟುಕೊಂಡಿದ್ದನು. 1788ರಲ್ಲಿ ಡಾಲ್‌ಸ್ವಿಂಟನ್ ಸರೋವರದಲ್ಲಿ ಪ್ಯಾಟ್ರಿಕ್ ಮಿಲ್ಲರನ ಉಗಿದೋಣಿಯು ಮೊದಲಬಾರಿಗೆ ನಡೆದಾಗ ಆತನು ಅಲ್ಲಿದ್ದು ಅದರ ಚಿತ್ರವನ್ನು ಬರೆದುಕೊಂಡನು. ಆತನ ಒಂದು ಉಪಾಯವನ್ನು ಮಗನು ವೃದ್ಧಾಪ್ಯದಲ್ಲಿಯೂ ನೆನೆಯುತ್ತಿದ್ದನು. ಒಂದು ಭಾನುವಾರ ಅಲೆಕ್ಸಾಂಡರನಿಗೆ ಲೋಹದ ತಗಡುಗಳನ್ನು ರಿವೆಟ್ಟಿನ ಮೊಳೆಗಳಿಂದ ಕೂಡಿಸಬೇಕಾಯಿತು. ಆ ದಿನ ಸುತ್ತಿಗೆಯ ಸದ್ದು ಕೇಳಿಸಿದರೆ ನೆರೆಹೊರೆಯ ಧರ್ಮನಿಷ್ಠರು ಸುಮ್ಮನಿರುವವರಲ್ಲ. ಆದಕಾರಣ ಆತನು ಮೊಳೆಯನ್ನು ವೈಸ್ ಎಂಬ ಬಿಗಿಯಿಕ್ಕಳದ ದವಡೆಯಲ್ಲಿಟ್ಟು ನಿಶ್ಶಬ್ದವಾಗಿ ಅದುಮಿದನು. ಏಟಿನಿಂದ ಆಗುವ ಕೆಲಸವು ಒತ್ತಡದಿಂದಲೂ ಆಯಿತು. ಮುಂದೆ ಯಂತ್ರಗಳಿಂದ ರಿವೆಟ್ಟು ಹಾಕುವ ಕ್ರಮದಲ್ಲಿಯೂ ಇದೇ ತತ್ತ್ವವು ಬಳಕೆಗೆ ಬಂದಿತು.

ಮಗನಿಗೆ ಆತನು ಚಿತ್ರ ಕಲಿಸಿದ ಬಗೆಯು ಗಮನಾರ್ಹವಾದುದು. ಇಟ್ಟಿಗೆಯ ಆಕಾರದ ಮರದ ತುಂಡುಗಳನ್ನು ನೆಲದ ಮೇಲೆ ಮನಬಂದಂತೆ ಚೆಲ್ಲಿ, ಬಿದ್ದುವುಗಳನ್ನು ಬಿದ್ದ ಹಾಗೆಯೇ, ಅಳತೆಯಲ್ಲಿಯೂ ಬೆಳಕುನೆರಳುಗಳಲ್ಲಿಯೂ ತಪ್ಪದಂತೆ ಬರೆಯಿಸುತ್ತಿದ್ದನು. ಕಣ್ಣು ಕಂಡುದನ್ನು ಕೈಯು ಮೋಸಮಾಡದೆ ಹೇಳಬೇಕೆಂಬುದೇ ಆ ಪಾಠ. ಜೇಮ್ಸನು ಹನ್ನೆರಡನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟನು. ಲ್ಯಾಟಿನ್ ವ್ಯಾಕರಣವು ಅವನಿಗೆ ಹತ್ತಲಿಲ್ಲ. ಸಹಪಾಠಿಯೊಬ್ಬನ ತಂದೆಯ ಕಬ್ಬಿಣದ ಎರಕಶಾಲೆಯಲ್ಲಿ ಶನಿವಾರದ ಮಧ್ಯಾಹ್ನಗಳನ್ನು ಕಳೆದು, ಅಲ್ಲಿಯೇ ತನ್ನ ನಿಜವಾದ ಪಾಠವಾಯಿತೆಂದು ಮುಂದೆ ಹೇಳಿಕೊಂಡನು. ಹದಿನೇಳು ವರ್ಷದವನಾಗುವಷ್ಟರಲ್ಲಿ ತನ್ನ ಮಲಗುವ ಕೋಣೆಯನ್ನೇ ಹಿತ್ತಾಳೆಯ ಎರಕದ ಮನೆಯನ್ನಾಗಿ ಮಾಡಿಕೊಂಡಿದ್ದನು. ಕೆಳಗೆ ಮಲಗಿದ್ದ ತಂದೆಗೆ ಸದ್ದು ಕೇಳಿಸದಂತೆ ನೆಲಕ್ಕೆ ಜಮಖಾನೆಯ ಚೂರುಗಳನ್ನು ಹಾಸಿ ರಾತ್ರಿಯೆಲ್ಲ ಲೋಹವನ್ನು ಕರಗಿಸಿ ಎರೆಯುತ್ತಿದ್ದನು. ಹಾಗೆ ತಯಾರಾದ ಉಗಿಯಂತ್ರದ ಮಾದರಿಗಳನ್ನು ಉಪನ್ಯಾಸಕರಿಗೆ ಮಾರಿ, ಆ ಹಣದಿಂದ ವಿಶ್ವವಿದ್ಯಾನಿಲಯದ ಉಪನ್ಯಾಸಗಳನ್ನು ಕೇಳಲು ಹೋಗುತ್ತಿದ್ದನು.

1829ರಲ್ಲಿ ತಂದೆಯು ಅವನನ್ನು ಲಂಡನ್ನಿಗೆ ಕರೆದುಕೊಂಡುಹೋಗಿ ಹೆನ್ರಿ ಮಾಡ್‌ಸ್ಲೆಯ ಬಳಿ ಬಿಟ್ಟನು. ಆ ಕಾಲಕ್ಕೆ ಯಂತ್ರಶಿಲ್ಪಿಗಳಲ್ಲಿ ಮಾಡ್‌ಸ್ಲೆಯು ಗುರುಸ್ಥಾನದಲ್ಲಿದ್ದವನು. ಹೊಸ ಶಿಷ್ಯರನ್ನು ಸೇರಿಸಿಕೊಳ್ಳುವುದಿಲ್ಲವೆಂದು ಮೊದಲು ಹೇಳಿದ ಆತನು ಹುಡುಗನು ತಂದಿದ್ದ ಉಗಿಯಂತ್ರದ ಮಾದರಿಯನ್ನೂ ಚಿತ್ರಗಳನ್ನೂ ಕಂಡು ಮನಸ್ಸನ್ನು ಬದಲಾಯಿಸಿದನು. ವಾರಕ್ಕೆ 10 ಷಿಲ್ಲಿಂಗು ಸಂಬಳ. ತಂದೆಗೆ ಇನ್ನೊಂದು ಕಾಸಿನ ಹೊರೆಯಾಗಬಾರದೆಂದು ನಿಶ್ಚಯಿಸಿದ್ದ ಜೇಮ್ಸನು ಎಣ್ಣೆಯ ದೀಪದಿಂದ ಮಾಂಸವನ್ನು ಬೇಯಿಸುವ ಒಂದು ತವರದ ಒಲೆಯನ್ನು ತಾನೇ ಕಲ್ಪಿಸಿ, ಬೆಳಗ್ಗೆ ಪಾತ್ರೆಯನ್ನಿಟ್ಟು ಹೋಗಿ ಸಂಜೆ ಬಂದು ಉಣ್ಣುತ್ತಿದ್ದನು. ಮಾಡ್‌ಸ್ಲೆಗೆ ಕೊನೆಗಾಲದಲ್ಲಿ ಜ್ಯೋತಿಶ್ಶಾಸ್ತ್ರದ ಆಸಕ್ತಿ ಹುಟ್ಟಿತು. ತನಗಾಗಿ ಒಂದು ದೊಡ್ಡ ದೂರದರ್ಶಕವನ್ನು ಕಟ್ಟಿಕೊಳ್ಳಬೇಕೆಂದು ಯೋಚಿಸಿ, ಶಿಷ್ಯನೊಡನೆ ಅದರ ನಕ್ಷೆಗಳ ವಿಚಾರವನ್ನು ಮಾತನಾಡುತ್ತಿದ್ದನು. 1831ರ ಫೆಬ್ರವರಿಯಲ್ಲಿ ಆತನು ತೀರಿಕೊಂಡನು. ದೂರದರ್ಶಕವು ಕಾಗದದ ಮೇಲೆಯೇ ಉಳಿಯಿತು. ಶಿಷ್ಯನಿಗೆ ಗುರುವಿನಿಂದ ದೊರೆತುವುಗಳಲ್ಲಿ ಕೈಗೂಡದ ಈ ಬಯಕೆಯೂ ಒಂದು.

ಅನಂತರದ ಸಂಗತಿಗಳು ಪ್ರಸಿದ್ಧವಾದುವು. 1836ರಲ್ಲಿ ನೇಸ್ಮಿತನು ಮ್ಯಾಂಚೆಸ್ಟರಿಗೆ ಸಮೀಪದ ಪ್ಯಾಟ್ರಿಕ್ರಾಫ್ಟಿನಲ್ಲಿ, ಬ್ರಿಡ್ಜ್‌ವಾಟರ್ ಕಾಲುವೆಯೂ ಲಿವರ್‌ಪೂಲಿನ ರೈಲುದಾರಿಯೂ ಸಂಧಿಸುವ ಸ್ಥಳದಲ್ಲಿ ತನ್ನ ಯಂತ್ರಶಾಲೆಯನ್ನು ಕಟ್ಟಿದನು. 1839ರ ನವೆಂಬರಿನಲ್ಲಿ 'ಗ್ರೇಟ್ ಬ್ರಿಟನ್' ಎಂಬ ಮಹಾನೌಕೆಗೆ 30 ಅಂಗುಲ ದಪ್ಪದ ಉಕ್ಕಡದ ಅಚ್ಚು ಬೇಕಾಯಿತು. ಅಷ್ಟು ದೊಡ್ಡ ಕಬ್ಬಿಣವನ್ನು ಬಡಿಯಬಲ್ಲ ಸುತ್ತಿಗೆಯು ದೇಶದಲ್ಲಿ ಎಲ್ಲಿಯೂ ಇರಲಿಲ್ಲ. ಆ ಕೋರಿಕೆಯ ಕಾಗದವು ಬಂದೊಡನೆಯೇ ನೇಸ್ಮಿತನು ತನ್ನ ಟಿಪ್ಪಣಿಯ ಪುಸ್ತಕದಲ್ಲಿ ಉಗಿಯ ಚಮ್ಮಟಿಗೆಯ ಚಿತ್ರವನ್ನು ಬರೆದನು. ಅಡಿಗಲ್ಲಿನ ಮೇಲುಗಡೆ ನೇರವಾಗಿ ಉಗಿಯ ಕೊಳವೆ. ಅದರ ದಂಡಕ್ಕೆ ಕಟ್ಟಿದ ಕಬ್ಬಿಣದ ಗುಂಡು. ಉಗಿಯು ಅದನ್ನು ಎತ್ತುವುದು, ಬಿಟ್ಟೊಡನೆ ತನ್ನ ಭಾರದಿಂದ ಅದು ಬೀಳುವುದು. ಹಡಗಿನವರು ಉಕ್ಕಡವನ್ನು ಬಿಟ್ಟು ತಿರುಪಿನ ಹುಟ್ಟನ್ನು ಆರಿಸಿಕೊಂಡುದರಿಂದ ಆ ಚಿತ್ರವು ಪುಸ್ತಕದಲ್ಲಿಯೇ ಮಲಗಿದ್ದಿತು. 1842ರಲ್ಲಿ ಫ್ರಾನ್ಸಿನ ಕ್ರೂಸೋ ಕಾರ್ಖಾನೆಗೆ ಹೋದ ನೇಸ್ಮಿತನು ಅಲ್ಲಿ ತನ್ನ ಚಮ್ಮಟಿಗೆಯೇ ಕೆಲಸ ಮಾಡುತ್ತಿರುವುದನ್ನು ಕಂಡು ಬೆರಗಾದನು. ಆತನಿಲ್ಲದಾಗ ಪ್ಯಾಟ್ರಿಕ್ರಾಫ್ಟಿಗೆ ಬಂದಿದ್ದ ಫ್ರೆಂಚರು ಆ ಪುಸ್ತಕವನ್ನು ನೋಡಿದ್ದರು. ಅಲ್ಲಿಯ ಶಿಲ್ಪಿಯಾದ ಬೂರ್ದೋನನೂ ಈ ಕಲ್ಪನೆಯು ತನ್ನದೆಂದನು. ಆ ವಿವಾದವನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. ಅದೇ ವರ್ಷ ನೇಸ್ಮಿತನು ಇಂಗ್ಲೆಂಡಿನಲ್ಲಿ ಹಕ್ಕುಪತ್ರವನ್ನು ಪಡೆದನು. ಗಾಜಿನ ಬಟ್ಟಲಿನಲ್ಲಿಟ್ಟ ಮೊಟ್ಟೆಯ ಚಿಪ್ಪನ್ನು ಬಟ್ಟಲು ಒಡೆಯದಂತೆ ಬಿರಿಸುವಷ್ಟು ಮೃದುವಾಗಿಯೂ ಆ ಮಹಾಯಂತ್ರವು ಬೀಳಬಲ್ಲುದಾಗಿದ್ದಿತು.

ವಿಶ್ರಾಂತಿಗೆ ಬೇಕಾದ ಧನವು ಬಂದುದು ಇಂಥ ಯಂತ್ರಗಳಿಂದ. ಅದು ಬಂದ ಬಗೆಯಲ್ಲಿ ಎಲ್ಲವೂ ಮೆಚ್ಚತಕ್ಕುದಲ್ಲ. ಕೈಚಳಕವುಳ್ಳ ಕುಶಲಕರ್ಮಿಗಳಿಗೆ ಬದಲಾಗಿ ತಾವೇ ನಡೆಯುವ ಯಂತ್ರಗಳನ್ನು ನಿಲ್ಲಿಸಿ, ಅವುಗಳನ್ನು ನೋಡಿಕೊಳ್ಳಲು ಹುಡುಗರನ್ನೂ ಕೂಲಿಯವರನ್ನೂ ಇಟ್ಟುಕೊಳ್ಳುವುದು ನೇಸ್ಮಿತನ ನೀತಿ. 1851-52ರ ಮುಷ್ಕರದ ದಿನಗಳಲ್ಲಿ ಆತನು ಕಾರ್ಮಿಕ ಸಂಘದ ಕಡು ವಿರೋಧಿಯಾಗಿ ನಿಂತನು. 1868ರಲ್ಲಿ ಕಾರ್ಮಿಕ ಸಂಘಗಳ ವಿಚಾರಣಾ ಸಮಿತಿಯ ಮುಂದೆ, ತಾನು ಈ ಯಂತ್ರಗಳ ಬಲದಿಂದ 1500 ಮಂದಿ ಕೆಲಸಗಾರರನ್ನು 750ಕ್ಕೆ ಇಳಿಸಿದೆನೆಂದೂ, ಅದರಿಂದ ಲಾಭವು ಬಹಳವಾಗಿ ಹೆಚ್ಚಿತೆಂದೂ ಸಂಕೋಚವಿಲ್ಲದೆ ಸಾಕ್ಷ್ಯ ನುಡಿದನು. ಕಾರ್ಲ್ ಮಾರ್ಕ್ಸನು ಈ ಸಾಕ್ಷ್ಯವನ್ನು ತನ್ನ ಬಂಡವಾಳದ ಗ್ರಂಥದಲ್ಲಿ ಎತ್ತಿಕೊಂಡಿದ್ದಾನೆ. ಕೈಗೆಲಸದ ಮನೆಯಲ್ಲಿ ಹುಟ್ಟಿ, ಕೈಯ ಮಹಿಮೆಯನ್ನು ಜೀವನವೆಲ್ಲ ಹೊಗಳಿದವನು, ಪರರ ಕೈಗಳ ವಿಷಯದಲ್ಲಿ ಇಷ್ಟು ನಿರ್ದಾಕ್ಷಿಣ್ಯನಾಗಿದ್ದನು. ಕೆಲಸವನ್ನು ಕಳೆದುಕೊಂಡ ಆ 750 ಮಂದಿಗೆ ತಮ್ಮ 48ನೆಯ ವಯಸ್ಸಿನಲ್ಲಿ ನಕ್ಷತ್ರಗಳನ್ನು ನೋಡುವ ಪುರಸತ್ತು ದೊರೆಯಿತೆಂದು ತೋರುವುದಿಲ್ಲ. ಸಂಘಗಳೊಡನೆ ನಡೆದ ಘರ್ಷಣೆಯ ಬೇಸರವೂ ಆತನ ಶೀಘ್ರ ನಿವೃತ್ತಿಗೆ ಒಂದು ಕಾರಣವಾಗಿರಬೇಕು.

ಆಕಾಶದ ಕಡೆಗೆ ಆತನ ದೃಷ್ಟಿಯು ತಿರುಗಿದುದು ಪ್ಯಾಟ್ರಿಕ್ರಾಫ್ಟಿನಲ್ಲಿದ್ದಾಗಲೇ. ಹಗಲೆಲ್ಲ ಕುಲುಮೆಯ ಗದ್ದಲ. ರಾತ್ರಿ ಮನೆಯ ತೋಟದಲ್ಲಿ ತಾನೇ ಎರೆದು ಉಜ್ಜಿದ ಲೋಹದ ಕನ್ನಡಿಯ ದೂರದರ್ಶಕ. ನಿದ್ರೆ ಬಾರದಾಗ, ಅಥವಾ ಮೋಡವು ಹಠಾತ್ತಾಗಿ ತೆರೆದಾಗ, ಹೊದ್ದ ಬಿಳಿಯ ಅಂಗಿಯಲ್ಲಿಯೇ ಎದ್ದು ಉದ್ದವಾದ ಕೊಳವೆಯನ್ನು ತೋಳುಗಳಲ್ಲಿ ಎತ್ತಿಕೊಂಡು ತೋಟದಲ್ಲಿ ಅತ್ತಿತ್ತ ಹೋಗುತ್ತಿದ್ದನು. ಕಾಲುವೆಯಲ್ಲಿ ಹೋಗುತ್ತಿದ್ದ ದೋಣಿಯವನೊಬ್ಬನು ಇದನ್ನು ಕಂಡು, ಬಿಳಿಯ ದೆವ್ವವೊಂದು ಶವಪೆಟ್ಟಿಗೆಯನ್ನು ಹೊತ್ತು ತಿರುಗುತ್ತಿದೆಯೆಂದು ಊರೆಲ್ಲ ಸಾರಿದನಂತೆ. ಅಗ್ನಿಪರ್ವತಗಳ ಕುತೂಹಲವೂ ಅದೇ ಕಾಲದ್ದು. 1842ರಲ್ಲಿ ವೆಸೂವಿಯಸ್ ಪರ್ವತವನ್ನು ಹತ್ತಿ, ಲಾವಾದ ತುಂಡೊಂದಕ್ಕೆ ತನ್ನ ಕಾರ್ಖಾನೆಯ ಚೀಟಿಯನ್ನು ಕಟ್ಟಿ ಅದರ ಬಾಯೊಳಕ್ಕೆ ಎಸೆದನು. ರೋಮನರ ಪುರಾಣದಲ್ಲಿ ಕಮ್ಮಾರರ ದೇವತೆಯಾದ ವಲ್ಕನನಿಗೆ ಅದು ಕುಲಬಂಧುವಿನ ಕಾಣಿಕೆ! ಚಂದ್ರನ ಭೂಪಟಗಳನ್ನು ಬೂದುಬಣ್ಣದ ಕಾಗದದ ಮೇಲೆ ಕರಿಯ ಬಿಳಿಯ ಸೀಮೆಸುಣ್ಣಗಳಿಂದ ಬರೆಯುತ್ತಿದ್ದನು. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅವು ಪದಕವನ್ನು ಗಳಿಸಿದುವು. ಅದೇ ವರ್ಷ ವರ್ಸ್ಲಿಯ ಅರಮನೆಯಲ್ಲಿ ವಿಕ್ಟೋರಿಯಾ ರಾಣಿಯೂ ಆಕೆಯ ಪತಿಯೂ ಅವುಗಳನ್ನು ನೋಡಿ ಸಂತೋಷಪಟ್ಟರು.

ನಿವೃತ್ತಿಯ ತರುವಾಯ ನೇಸ್ಮಿತನು ಪತ್ನಿಯಾದ ಆನ್ ಹಾರ್ಟಪಳೊಡನೆ ಕೆಂಟ್ ಪ್ರಾಂತದ ಪೆನ್ಸ್‌ಹರ್ಸ್ಟಿನಲ್ಲಿ ನೆಲಸಿದನು. ಆಕೆಯು ಬಾರ್ನ್‌ಸ್ಲಿ ಸೀಮೆಯ ಕಬ್ಬಿಣದ ಕಾರ್ಖಾನೆಯೊಂದರ ಮೇಲ್ವಿಚಾರಕನ ಮಗಳು. ಸಂಸಾರವನ್ನು ನಡೆಸುವ ಸ್ಥಿತಿಗೆ ಬರುವವರೆಗೆ ಎರಡು ವರ್ಷ ಕಾದು, 1840ರ ಜೂನ್ 16ರಂದು ಇಬ್ಬರೂ ವಿವಾಹವಾಗಿದ್ದರು. ಪೆನ್ಸ್‌ಹರ್ಸ್ಟಿನ ಮನೆಯು ಹಿಂದೆ ಒಬ್ಬ ಚಿತ್ರಕಾರನದಾಗಿದ್ದಿತು. ಅದಕ್ಕೆ ಹ್ಯಾಮರ್‌ಫೀಲ್ಡ್, ಎಂದರೆ ಸುತ್ತಿಗೆಯ ಹೊಲ, ಎಂದು ಹೆಸರಿಟ್ಟನು. ತೋಟದಲ್ಲಿ ದೂರದರ್ಶಕವು ನಿಂತಿತು. ಒಂದು ಕೋಣೆಯಲ್ಲಿ ಹಳೆಯ ಲೇಥೂ ಇತರ ಉಪಕರಣಗಳೂ ಕುಳಿತುವು. ಇನ್ನೊಂದು ಕಡೆ ಬಣ್ಣ, ಕುಂಚ. ಯಕ್ಷಯಕ್ಷಿಣಿಯರ ವಿನೋದಚಿತ್ರಗಳನ್ನು ಬರೆಯುವನು. ಬಾಬಿಲೋನಿಯರ ಬಾಣದಲಗಿನಂಥ ಅಕ್ಷರಗಳು ಹಸಿಜೇಡಿಯಲ್ಲಿ ಕೋಲಿನ ಮೂಲೆಯನ್ನು ಒತ್ತುವುದರಿಂದ ಹೇಗೆ ಮೂಡಿದುವೆಂಬುದನ್ನು ತಾನೇ ಮಾಡಿ ತೋರಿಸುವನು. ಪಂಡಿತರು ಅಕ್ಷರದ ಅರ್ಥವನ್ನು ಹುಡುಕುವಲ್ಲಿ ಕಮ್ಮಾರನು ಉಪಕರಣದ ಮೊನೆಯನ್ನು ಹುಡುಕಿದನು!

ಆ ದೂರದರ್ಶಕದ ರಚನೆಯು ಸ್ವಲ್ಪ ವಿವರಿಸತಕ್ಕುದು. ಅದರ ಮುಖ್ಯ ಕನ್ನಡಿಯ ಅಡ್ಡಳತೆ 20 ಅಂಗುಲ. ಅಂಥ ದೊಡ್ಡ ಯಂತ್ರಗಳಲ್ಲಿ ನೋಡುವವನು ಕೊಳವೆಯ ತುದಿಯವರೆಗೆ ಏಣಿಯನ್ನು ಹತ್ತಿ, ಕತ್ತಲೆಯಲ್ಲಿ ಚಳಿಯಲ್ಲಿ ಜೋಲಾಡಬೇಕಾಗುತ್ತಿದ್ದಿತು. ನೇಸ್ಮಿತನು ಕೊಳವೆಯನ್ನು, ಫಿರಂಗಿಯನ್ನು ಗಾಡಿಯ ಮೇಲೆ ಆನಿಸುವಂತೆ, ಎರಡು ಪಕ್ಕದ ಅಚ್ಚುಗಳ ಮೇಲೆ ಕೂರಿಸಿದನು. ತಳದ ಕನ್ನಡಿಯಿಂದ ಮೇಲಕ್ಕೆ ಹೋದ ಬೆಳಕು ಎರಡನೆಯ ಕನ್ನಡಿಯಿಂದ ಹಿಂದಿರುಗಿ, ನಡುವೆ ಓರೆಯಾಗಿ ನಿಂತ ಮೂರನೆಯ ಚಪ್ಪಟೆಗನ್ನಡಿಯನ್ನು ತಾಗಿ, ಟೊಳ್ಳಾದ ಪಕ್ಕದ ಅಚ್ಚಿನ ಮೂಲಕ ಹೊರಬೀಳುವುದು. ಕೊಳವೆಯು ಎಷ್ಟು ಏರಲಿ ಇಳಿಯಲಿ, ಅಚ್ಚು ಇದ್ದಲ್ಲಿಯೇ ಇರುವುದರಿಂದ ನೋಡುವವನು ಪೀಠದಿಂದ ಏಳಬೇಕಾದುದಿಲ್ಲ. ಕೊಳವೆಯೂ ಪೀಠವೂ ಒಂದೇ ತಿರುಗುವ ಕಟ್ಟೆಯ ಮೇಲಿದ್ದುವು. ವಯಸ್ಸಾಗುತ್ತಿರುವ ಗೃಹಸ್ಥನು ಸುಖವಾಗಿ ಕುಳಿತು ಆಕಾಶವನ್ನು ನೋಡಲು ಮಾಡಿಕೊಂಡ ಈ ಏರ್ಪಾಡು ಇಂದಿನ ಮಹಾದೂರದರ್ಶಕಗಳ ಅಂಗವಾಗಿದೆ. ಹವಾಯಿ ದ್ವೀಪದ ಕೆಕ್ ದೂರದರ್ಶಕಗಳಲ್ಲಿ, ಜಪಾನೀಯರ ಸುಬಾರುವಿನಲ್ಲಿ, ಚಿಲಿ ದೇಶದ ಯೂರೋಪಿಯನರ ನಾಲ್ಕು ದೂರದರ್ಶಕಗಳಲ್ಲಿ ಭಾರವಾದ ಉಪಕರಣಗಳನ್ನು ಇರಿಸುವ ಪಕ್ಕದ ಜಗಲಿಗೆ ನೇಸ್ಮಿತನ ಹೆಸರೇ ಇದೆ. ಭಾರತವೂ ಪಾಲುಗೊಂಡಿರುವ 30 ಮೀಟರ್ ದೂರದರ್ಶಕದ ನಕ್ಷೆಯಲ್ಲಿಯೂ ಇದೇ ಕ್ರಮವನ್ನು ಅನುಸರಿಸಲಾಗಿದೆ.

1860ರ ಬೇಸಗೆಯಲ್ಲಿ ಆತನು ಸೂರ್ಯನ ಮುಖವೆಲ್ಲ ವಿಲೋ ಮರದ ಎಲೆಗಳಂಥ ನೀಳವಾದ ತೇಜಃಖಂಡಗಳು ಒಂದರ ಮೇಲೊಂದು ಹೆಣೆದುಕೊಂಡಂತೆ ಇರುವುದನ್ನು ಕಂಡೆನೆಂದು ಪ್ರಕಟಿಸಿದನು. ಜಾನ್ ಹರ್ಷಲನಂಥ ಹಿರಿಯನು ಅದನ್ನು ಆದರದಿಂದ ಸ್ವೀಕರಿಸಿದನು. ಡಾಸ್ ಎಂಬ ತೀಕ್ಷ್ಣದೃಷ್ಟಿಯ ಪಾದ್ರಿಯು ಅಂಥ ಎಲೆಗಳೇ ಇಲ್ಲವೆಂದನು. ಅವು ಸೂರ್ಯನೊಳಗಿನಿಂದ ಕುದಿದು ಮೇಲೇಳುವ ಅನಿಲದ ಕಾಳುಗಳೆಂದೂ, ಒಂದೊಂದರ ಅಗಲ ಸುಮಾರು 1000 ಕಿಲೋಮೀಟರೆಂದೂ, ಕೆಲವೇ ನಿಮಿಷಗಳಲ್ಲಿ ಅವು ಹುಟ್ಟಿ ಅಳಿಯುವುವೆಂದೂ ಈಗ ತಿಳಿದಿದೆ. ಎಲೆಯ ಆಕಾರವು ಉಳಿಯಲಿಲ್ಲ.

ಆದರೆ ಆತನ ಮನಸ್ಸು ನೆಟ್ಟಿದ್ದುದು ಚಂದ್ರನಲ್ಲಿ. ಭಾರತೀಯ ಕವಿಗಳು ಚಂದ್ರನ ಕಲೆಯನ್ನು ಕಂಡು ಶಶಾಂಕ, ಮೃಗಾಂಕ ಎಂದು ಹೆಸರಿಟ್ಟು ತೃಪ್ತರಾದರು. ನೇಸ್ಮಿತನು ಆ ಕಲೆಗಳ ಎತ್ತರವನ್ನೂ ಆಳವನ್ನೂ ಕೈಯಿಂದ ಮುಟ್ಟಿ ನೋಡಬಯಸಿದನು. ಆ ಕಾಲದ ಛಾಯಾಚಿತ್ರವು ದೂರದರ್ಶಕದ ಮೂಲಕ ಚಂದ್ರನ ಸೂಕ್ಷ್ಮ ವಿವರಗಳನ್ನು ಹಿಡಿಯಲಾರದಾಗಿದ್ದಿತು. ವಾಯುಮಂಡಲದ ಕಂಪನವು ಎಲ್ಲವನ್ನೂ ಕದಡಿಬಿಡುತ್ತಿದ್ದಿತು. ಕಣ್ಣು ಮಾತ್ರ ಗಾಳಿಯು ನಿಶ್ಚಲವಾಗುವ ಒಂದು ಕ್ಷಣಕ್ಕಾಗಿ ಗಂಟೆಗಟ್ಟಲೆ ಕಾಯಬಲ್ಲುದು. ಆದುದರಿಂದ ಆತನು ಕೋಪರ್ನಿಕಸ್, ಪ್ಲೇಟೋ, ಥಿಯೋಫಿಲಸ್ ಮೊದಲಾದ ಹೆಸರಿನ ಕುಳಿಗಳನ್ನು ರಾತ್ರಿ ರಾತ್ರಿ ನೋಡಿ ಬರೆದು, ತಿದ್ದಿ, ಪುನಃ ನೋಡಿ, ಆ ಚಿತ್ರಗಳಿಂದ ಪ್ಲಾಸ್ಟರಿನಲ್ಲಿ ಉಬ್ಬುತಗ್ಗಿನ ಪ್ರತಿಕೃತಿಗಳನ್ನು ಮಾಡಿದನು. ಬಳಿಕ ಅವುಗಳನ್ನು ಓರೆಬಿಸಿಲಿನಲ್ಲಿಟ್ಟು ಛಾಯಾಚಿತ್ರ ತೆಗೆದನು. ಸೂರ್ಯನ ಬೆಳಕೇ ಚಂದ್ರನ ಮೇಲೆ ಬೀಳುವಂತೆ ಆ ಪ್ಲಾಸ್ಟರಿನ ಮೇಲೂ ಬಿದ್ದು, ಕರಿನೆರಳುಗಳನ್ನು ಚಾಚಿತು. ತಂದೆಯು ನೆಲದ ಮೇಲೆ ಚೆಲ್ಲಿದ ಮರದ ತುಂಡುಗಳ ಪಾಠವು ಸುಮಾರು ಅರ್ಧ ಶತಮಾನದ ಮೇಲೆ ಹೀಗೆ ಉಪಯೋಗಕ್ಕೆ ಬಂದಿತು. ಕುಳಿತು ಬರೆದುದು ಚಿತ್ರಕಾರನ ಕಣ್ಣು, ಕಟ್ಟಿದುದು ಎರಕದವನ ಕೈ. ಎರಡೂ ಯಾರ್ಕ್ ಪ್ಲೇಸಿನ ಮನೆಯಿಂದ ಬಂದುವು.

ಗ್ರೀನಿಚ್ಚಿನ ವೇಧಶಾಲೆಯ ಜೇಮ್ಸ್ ಕಾರ್ಪೆಂಟರನೊಡನೆ ಸೇರಿ 1874ರಲ್ಲಿ ಪ್ರಕಟಿಸಿದ ಚಂದ್ರವಿಷಯಕ ಗ್ರಂಥದಲ್ಲಿ ಈ ಚಿತ್ರಗಳಿವೆ. ಅದರಲ್ಲಿ ಓದುಗನನ್ನು ತಟ್ಟನೆ ನಿಲ್ಲಿಸುವ ಒಂದು ಪುಟವುಂಟು: ಒಂದು ಕಡೆ ವೃದ್ಧನ ಅಂಗೈಯ ಹಿಂಭಾಗ, ಇನ್ನೊಂದು ಕಡೆ ಸುಕ್ಕಿಹೋದ ಸೇಬಿನ ಹಣ್ಣು. ಒಳಗಿನ ತಿರುಳು ಕುಗ್ಗಿದಾಗ ಹೊರಗಿನ ಚರ್ಮವು ಮಡಿಕೆಬೀಳುವಂತೆ ಆರುತ್ತಿರುವ ಗೋಳದ ಮೇಲೆ ಪರ್ವತಗಳು ಏಳುವುವೆಂಬುದು ಅಲ್ಲಿಯ ವಾದ. ಟೈಕೋ ಎಂಬ ಕುಳಿಯಿಂದ ಎಲ್ಲ ಕಡೆಗೂ ಹೊರಡುವ ಬಿಳಿಯ ರೇಖೆಗಳನ್ನು ವಿವರಿಸಲು ಗಾಜಿನ ಗೋಳದಲ್ಲಿ ನೀರನ್ನು ತುಂಬಿ ಬಾಯಿ ಮುಚ್ಚಿ, ಬಿಸಿನೀರಿನಲ್ಲಿಟ್ಟು ಒಡೆಯಿಸಿ, ಆ ಬಿರುಕುಗಳ ಚಿತ್ರವನ್ನು ಕೊಟ್ಟಿದ್ದಾನೆ. ಕುಳಿಗಳಾದರೋ ಅಗ್ನಿಪರ್ವತಗಳ ಬಾಯಿಗಳೆಂದೂ, ಕಾರಂಜಿಯಂತೆ ಚಿಮ್ಮಿದ ಬೂದಿಯು ಸುತ್ತಲೂ ಬಿದ್ದು ಗೋಡೆಯಾಯಿತೆಂದೂ ಆತನ ಸಿದ್ಧಾಂತ.

ಈ ಸಿದ್ಧಾಂತಗಳಲ್ಲಿ ಬಹುಭಾಗವು ನಿಲ್ಲಲಿಲ್ಲ. ಚಂದ್ರನ ಕುಳಿಗಳು ಹೊರಗಿನಿಂದ ಬಂದು ಅಪ್ಪಳಿಸಿದ ಶಿಲಾಪಿಂಡಗಳ ಗಾಯಗಳು. ಬಿಳಿಯ ರೇಖೆಗಳು ಆ ಅಪ್ಪಳಿಕೆಯಲ್ಲಿ ಸಿಡಿದ ಧೂಳು. 1969ರಿಂದ 1972ರ ವರೆಗೆ ಮನುಷ್ಯರು ಚಂದ್ರನಿಂದ ತಂದ ಕಲ್ಲುಗಳಿಂದ ಇದು ದೃಢಪಟ್ಟಿತು. ನೇಸ್ಮಿತನ ಪ್ಲಾಸ್ಟರಿನ ಶಿಖರಗಳು ಕಡಿದಾಗಿ ಮೊನಚಾಗಿವೆ. ನಿಜವಾದ ಚಂದ್ರನ ಬೆಟ್ಟಗಳು ದುಂಡಗೆ ಇಳಿಜಾರಾಗಿವೆ. ಓರೆಬಿಸಿಲಿನ ಉದ್ದನೆಯ ನೆರಳುಗಳು ಆ ಕಣ್ಣನ್ನೂ ವಂಚಿಸಿದುವು. ಆದರೂ ಆ ಪುಸ್ತಕದ ಚಿತ್ರಗಳನ್ನು ಈಗಲೂ ಜನರು ಬಿಡಿಸಿ ನೋಡುವರು. ಹೆಬ್ಬೆಟ್ಟಿನಷ್ಟು ಪ್ಲಾಸ್ಟರು ನೋಡನೋಡುತ್ತಿದ್ದಂತೆ ಮಹಾಪರ್ವತವಾಗುತ್ತದೆ; ಸಿದ್ಧಾಂತವು ತಪ್ಪಾಗಿದ್ದರೂ ನೋಟದ ಶ್ರದ್ಧೆಯು ತಪ್ಪಾಗಿಲ್ಲ. ಜೀವನವೆಲ್ಲ ಸುತ್ತಿಗೆಯ ಏಟಿನ ಪರಿಣಾಮವನ್ನು ಕಂಡವನು ಚಂದ್ರನ ಮೇಲಿನ ಏಟಿನ ಗುರುತುಗಳನ್ನು ಮಾತ್ರ ಏಟೆಂದು ಗುರುತಿಸದೆಹೋದುದು ವಿಚಿತ್ರವೇ ಸರಿ.

1883ರಲ್ಲಿ ಸ್ಯಾಮ್ಯುಯಲ್ ಸ್ಮೈಲ್ಸನ ಸಂಪಾದಕತ್ವದಲ್ಲಿ ಆತನ ಆತ್ಮಚರಿತ್ರೆಯು ಹೊರಬಂದಿತು. ಯಂತ್ರಶಿಲ್ಪಿಯೊಬ್ಬನ ಗ್ರಂಥದಲ್ಲಿ ಮೊದಲಿನ ಅಧ್ಯಾಯಗಳೆಲ್ಲ ಪಿತೃಪಿತಾಮಹರಿಗೂ ಅಕ್ಕಂದಿರ ಚಿತ್ರಶಾಲೆಗೂ ಮೀಸಲಾಗಿವೆ. ದಾಂಪತ್ಯದ ನಾಲ್ಕು ದಶಕಗಳನ್ನು ಆತನು ಅದರಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾನೆ. ಆ ದಂಪತಿಗಳಿಗೆ ಮಕ್ಕಳಿರಲಿಲ್ಲ. ಮನೆತನದ ಲಾಂಛನದ ಧ್ಯೇಯವಾಕ್ಯವು ಲ್ಯಾಟಿನಿನಲ್ಲಿ 'ಶಿಲ್ಪದಿಂದಲ್ಲ, ಶಸ್ತ್ರದಿಂದ' ಎಂದಿದ್ದಿತು. ಶಾಲೆಯಲ್ಲಿ ಲ್ಯಾಟಿನ್ ಹತ್ತದಿದ್ದ ಆ ಹುಡುಗನು ವೃದ್ಧನಾಗಿ ಅದರ ಎರಡು ಪದಗಳನ್ನು ಅದಲುಬದಲು ಮಾಡಿ 'ಶಸ್ತ್ರದಿಂದಲ್ಲ, ಶಿಲ್ಪದಿಂದ' ಎಂದು ಬರೆಯಿಸಿ, ಮುರಿದ ಸುತ್ತಿಗೆಗಳಿದ್ದೆಡೆಯಲ್ಲಿ ಉಗಿಯ ಚಮ್ಮಟಿಗೆಯನ್ನು ಚಿತ್ರಿಸಿಕೊಂಡನು.

1890ನೆಯ ಮೇ 7ರಂದು ನೇಸ್ಮಿತನು ಲಂಡನ್ನಿನಲ್ಲಿ ತೀರಿಕೊಂಡನು. ದೇಹವನ್ನು ಎಡಿನ್‌ಬರೋವಿಗೆ ಒಯ್ದು, ಅಲ್ಲಿಯ ಡೀನ್ ಸ್ಮಶಾನದಲ್ಲಿ ಸಮಾಧಿಮಾಡಿದರು. ಹ್ಯಾಮರ್‌ಫೀಲ್ಡಿನ ತೋಟದಲ್ಲಿದ್ದ 20 ಅಂಗುಲದ ದೂರದರ್ಶಕವು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯವನ್ನು ಸೇರಿತು.